ಚಿತ್ರದ ನಡುವಿನ ಬಿಳಿ ಪಟ್ಟಿ

ಇಬಾದಾನ್
9 ಜನವರಿ 2011

ರೈಮಿ ಅಣ್ಣನವರಿಗೆ,

ನೆಗೆಟಿವ್‌ಗಳ ಬಿಸ್ಕತ್ತಿನ ಡಬ್ಬಿ ಶುಕ್ರವಾರ ಸಂಜೆ ಕೈಸೇರಿತು. ಇಕಿರುನ್ ಬಸ್ಸಿನ ಡ್ರೈವರು ಅದನ್ನು ತನ್ನ ಸೀಟಿನ ಕೆಳಗೆ, ಗೆಣಸಿನ ಮೂಟೆಯ ಪಕ್ಕ ಇಟ್ಟುಕೊಂಡು ತಂದಿದ್ದ. ನೀವು ಸುತ್ತಿದ್ದ ಸೈಕಲ್ ಟ್ಯೂಬಿನ ಪಟ್ಟಿ ಹಾಗೇ ಇತ್ತು. ಒಳಗೆ ಒಂದೂ ಮಡಚಿಲ್ಲ. ಕೆಲವು ಫಿಲ್ಮುಗಳು ಕೆಡತೊಡಗಿ ವಿನೆಗರಿನ ವಾಸನೆ ಹೊಡೆಯುತ್ತಿವೆ. ಅವನ್ನು ಬೇರೆ ಇಟ್ಟಿದ್ದೇನೆ, ಇಲ್ಲದಿದ್ದರೆ ಉಳಿದವಕ್ಕೂ ಹರಡುತ್ತದೆ.

ನಾವಿಬ್ಬರೂ ಮಾತು ಬಿಟ್ಟು ನಾಲ್ಕು ವರ್ಷವಾಯಿತು. ಬಾಬಾ ತೀರಿಕೊಂಡ ಮೇಲೆ ನೀವು ಅವರ ಫೋಟೊ ಸ್ಟುಡಿಯೊದ ಡಾರ್ಕ್‌ರೂಮ್ ಒಡೆಸಿ ಅಲ್ಲಿ ಜೆರಾಕ್ಸ್ ಮೆಷಿನ್ ಇರಿಸಿದಿರಿ. ನಾನು ಬಾಯಿಗೆ ಬಂದದ್ದು ಅಂದೆ. ಅದನ್ನು ಈ ಕಾಗದದಲ್ಲಿ ಎತ್ತುವುದಿಲ್ಲ. ಇಯಾ ಕೇಳಿದ್ದರಿಂದ ಬರೆಯುತ್ತಿದ್ದೇನೆ. ನಮ್ಮನ್ನು ಹೆತ್ತು ಇಷ್ಟು ವರ್ಷದಲ್ಲಿ ಅವರು ನನ್ನಿಂದ ಏನನ್ನೂ ಕೇಳಿದವರಲ್ಲ. ಈಗ ಗೋಡೆಯ ಮೇಲಿನ ಫೋಟೊವನ್ನು ಗೆದ್ದಲು ತಿಂದಿದೆ, ತಮ್ಮ ಒಂದು ಕಣ್ಣು ಪೂರ್ತಿ ಮಂಜಾಗಿದೆ, ಇನ್ನೊಂದಕ್ಕೆ ಕಾಣುವಷ್ಟು ದೊಡ್ಡದಾಗಿ ನನ್ನ ಮತ್ತು ತೈವೊಳ ಅವಳಿ ಚಿತ್ರವನ್ನು ಹೊಸದಾಗಿ ಮಾಡಿಸಿಕೊಡು ಎಂದಿದ್ದಾರೆ. ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ, ಕೇಳಿಸಿದರೆ ಜಗಳವಾಗುತ್ತದೆ. ಅದಕ್ಕೇ ಕಾಗದ.

ಪತ್ರಿಕೆಯ ಕಚೇರಿಯಲ್ಲಿ ಡಾರ್ಕ್‌ರೂಮ್ ಮುಚ್ಚಿ ನನ್ನನ್ನು ಸ್ಕ್ಯಾನರಿನ ಮುಂದೆ ಕೂರಿಸಿ ಇನ್ನೂ ಒಂದು ವರ್ಷವಾಗಿಲ್ಲ. ಕಲಿಯುತ್ತಿದ್ದೇನೆ. ಮರುಭೂಮಿಯ ಹರ್ಮಟಾನ್ ಗಾಳಿ ಶುರುವಾಗಿ ಈಗ ಒರೆಸಿದ ಮೇಜಿನ ಮೇಲೂ ಮರುಗಳಿಗೆಗೆ ಧೂಳು ಬೆರಳಿಗೆ ಹತ್ತುತ್ತದೆ. ಸ್ಕ್ಯಾನ್ ಮಾಡಿದ ಚಿತ್ರಗಳ ತುಂಬ ಚುಕ್ಕೆಗಳು, ಕೆಲವು ಬಿಳಿ, ಕೆಲವು ಕಪ್ಪು. ಮೆಷಿನ್ನಿಗೆ ಧೂಳನ್ನು ತಾನೇ ಅಳಿಸುವ ಒಂದು ಗುಂಡಿಯಿದೆ. ಬಣ್ಣದ ಫಿಲ್ಮಿಗೆ ಅದು ಸರಿ. ಕಪ್ಪು ಬಿಳುಪಿನದಕ್ಕೆ ಒತ್ತಿದರೆ ಫಿಲ್ಮಿನೊಳಗಿನ ಬೆಳ್ಳಿಯನ್ನೇ ಧೂಳೆಂದು ತಿಳಿದು ಹುಬ್ಬು, ಅಂಗಿಯ ಗುಂಡಿ, ಮೂಗಿನ ಹೊಳ್ಳೆ ಎಲ್ಲವನ್ನೂ ನುಂಗುತ್ತದೆ. ಈ ಚುಕ್ಕೆಗಳಲ್ಲಿ ಯಾವುದು ಒರೆಸಿದರೆ ಹೋಗುತ್ತದೆ, ಯಾವುದು ಹೋಗುವುದಿಲ್ಲ, ಗೊತ್ತಿದ್ದರೆ ಬರೆಯಿರಿ.

ಡಬ್ಬಿಯಲ್ಲಿ ಬೇರೆ ಮನೆಗಳ ಅವಳಿ ಚಿತ್ರಗಳೂ ಬಹಳ ಇವೆ. ಒಂದು ಮಗು ಹೋದ ಮೇಲೆ ಉಳಿದ ಮಗುವನ್ನು ಬೆಂಚಿನ ಎರಡೂ ತುದಿಗೆ ಕೂರಿಸಿ ಒಂದೇ ಫಿಲ್ಮಿನಲ್ಲಿ ಎರಡು ಸಲ ತೆಗೆದವು. ನಡುವೆ ಚಾಕುವಿನಿಂದ ಎಳೆದಂಥ ಕಪ್ಪು ಗೆರೆಯಿರುತ್ತದೆ, ನೋಡಿದ ಕೂಡಲೇ ತಿಳಿಯುತ್ತದೆ. ಆ ಗೆರೆಗಳನ್ನು ನಾನು ಮುಟ್ಟುತ್ತಿಲ್ಲ. ನಮ್ಮ ಚಿತ್ರ ಇನ್ನೂ ಸಿಕ್ಕಿಲ್ಲ, ಹುಡುಕುತ್ತಿದ್ದೇನೆ.

ಇಯಾಗೆ ನಮಸ್ಕಾರ ತಿಳಿಸಿ.

ಕೇಹಿಂಡೆ

•

ಇಕಿರುನ್
24 ಜನವರಿ 2011

ಕೇಹಿಂಡೆ,

ನಿನ್ನ ಅಕ್ಷರ ಈಗಲೂ ಬಾಬಾರ ಅಕ್ಷರದಂತೆಯೇ ಇದೆ, ಅಪ್ಪನಂತೆ ಮಗಳು, ಒಂದು ಇನ್ನೊಂದನ್ನು ಮುಟ್ಟುವುದಿಲ್ಲ.

ಸ್ಕ್ಯಾನರ್ ನನಗೆ ಗೊತ್ತಿಲ್ಲ. ಆದರೆ ಧೂಳು ಗೊತ್ತು, ಅರವತ್ತು ವರ್ಷದಿಂದ ನಾವು ಸಂಬಂಧಿಕರು. ಬಿಳಿ ಚುಕ್ಕೆ ಅಂದರೆ ಈಗಿನ ಧೂಳು, ನೆಗೆಟಿವ್ ಮೇಲೆ ಕೂತು ಬೆಳಕನ್ನು ತಡೆಯುತ್ತಿದೆ. ಮೆತ್ತನೆಯ ಕುಂಚದಿಂದ ತೆಗೆ, ಹೋಗುತ್ತದೆ. ಊದಬೇಡ, ಎಂಜಲು ಹಾರುತ್ತದೆ. ಕಪ್ಪು ಚುಕ್ಕೆ ಅಂದರೆ ಅಂದಿನ ಧೂಳು. ಫೋಟೊ ತೆಗೆಯುವ ಗಳಿಗೆಯಲ್ಲಿ ಕ್ಯಾಮೆರಾದೊಳಗೆ ಫಿಲ್ಮಿನ ಮೇಲೆ ಕೂತಿತ್ತು, ಅದರ ನೆರಳು ಅಲ್ಲೇ ಉಳಿದಿದೆ. ಅದನ್ನು ಯಾವ ಕುಂಚವೂ ತೆಗೆಯುವುದಿಲ್ಲ. ಬಾಬಾ ಪ್ರಿಂಟಿನ ಮೇಲೆ ಸೂಜಿಯಿಂದ ಕೆರೆದು ತಿದ್ದುತ್ತಿದ್ದರು, ನೆನಪಿರಬೇಕು.

ಇಯಾಗೆ ವಿಷಯ ಹೇಳಿದೆ. ಬಾಗಿಲ ಮುಂದೆ ಕೂತು ಬೀನ್ಸ್ ಆರಿಸುತ್ತಿದ್ದರು. ಕಣ್ಣಿಗೆ ಸಿಗದ ಕಲ್ಲು ಬೆರಳಿಗೆ ಸಿಗುತ್ತದೆ.

"ನನ್ನ ಮಕ್ಕಳ ಫೋಟೊ ಎಲ್ಲಿಗೆ ಬಂತೋ?"

"ಧೂಳು ಹೊಡೀತಿದಾಳೆ, ಇಯಾ."

"ನಾನು ಇಷ್ಟು ವರ್ಷ ಉಟ್ಟ ಬಟ್ಟೆ ತುದೀಲೇ ಒರೆಸ್ಕೊಂಡು ಬಂದೆ. ಅವಳ ಮೆಷಿನ್‌ಗೆ ಅಷ್ಟೂ ಆಗಲ್ವಂತಾ?"

ಅಷ್ಟರಲ್ಲಿ ಮೆಣಸಿನಕಾಯಿ ಮಾರುವವಳು ಬುಟ್ಟಿ ಹೊತ್ತು ಹೋಗುತ್ತಾ ಎಂದಿನಂತೆ ಕೂಗಿದಳು. "ಇಯಾ ಇಬೇಜಿ! ಅವಳಿ ಮಕ್ಕಳ ತಾಯೀ! ಇಬ್ರೂ ಚೆನ್ನಾಗಿದಾರಾ?"

"ಇಬ್ರೂ ಚೆನ್ನಾಗಿದಾರೆ ಕಣಮ್ಮಾ. ಒಬ್ಬಳು ಇಬಾದಾನಲ್ಲಿ, ಒಬ್ಬಳು ಪೇಟೇಲಿ."

ಪೇಟೆಗೆ ಹೋದವಳು ಐವತ್ತು ವರ್ಷ ಕಳೆದರೂ ಯಾಕೆ ಬರಲಿಲ್ಲ ಎಂದು ಯಾರೂ ಕೇಳುವುದಿಲ್ಲ. ಅವಳಿಗಳ ವಿಷಯದಲ್ಲಿ ಸಾವು ಅನ್ನುವ ಮಾತು ನಾಲಿಗೆಗೆ ಬರಬಾರದೆಂದು ಆ ಮೆಣಸಿನಕಾಯಿಯವಳಿಗೂ ಗೊತ್ತು.

ಜೆರಾಕ್ಸ್ ಮೆಷಿನ್ ಕೆಟ್ಟು ಕೂತಿದೆ. ಕೇಳಿ ನಿನಗೆ ಖುಷಿಯಾಗಬಹುದು.

ರೈಮಿ

•

ಇಬಾದಾನ್
12 ಫೆಬ್ರವರಿ 2011

ಅಣ್ಣ,

ನೀವು ಹೇಳಿದ್ದು ಸರಿಯಾಗಿತ್ತು. ಬಿಳಿ ಚುಕ್ಕೆಗಳು ಕುಂಚಕ್ಕೆ ಹೋದವು. ಕಪ್ಪು ಚುಕ್ಕೆಗಳನ್ನು ಹಾಗೇ ಬಿಟ್ಟೆ. ಆಮೇಲೆ ನೀರಿನ ಮೇಲೆ ಎಣ್ಣೆ ಬಿದ್ದಾಗ ಕಾಣುವಂಥ ಉಂಗುರಗಳು ಬಂದವು. ಫಿಲ್ಮು ಗಾಜಿಗೆ ಅಂಟಿಕೊಂಡರೆ ಹಾಗಾಗುತ್ತದಂತೆ. ರಟ್ಟಿನ ಚೌಕಟ್ಟು ಕತ್ತರಿಸಿ ಫಿಲ್ಮನ್ನು ಗಾಜಿನಿಂದ ಕೂದಲೆಳೆಯಷ್ಟು ಮೇಲೆತ್ತಿದೆ. ಹೋದವು. ಜೆರಾಕ್ಸ್ ಮೆಷಿನ್ ಕೆಟ್ಟದ್ದು ಓದಿ ಖುಷಿಯಾಯಿತು. ನಂತರ ನಾಚಿಕೆಯೂ ಆಯಿತು.

ನಮ್ಮ ನೆಗೆಟಿವ್ ಸಿಕ್ಕಿತು. ಡಬ್ಬಿಯ ತಳದಲ್ಲಿ, ಬೇರೆಯೇ ಒಂದು ಲಕೋಟೆಯಲ್ಲಿತ್ತು. ಬಾಬಾ ಎಲ್ಲ ಲಕೋಟೆಗಳ ಮೇಲೂ ಹೆಸರು ಬರೆದಿದ್ದಾರೆ, ಇದರ ಮೇಲೆ ಏನೂ ಇಲ್ಲ.

ಗೋಡೆಯ ಮೇಲಿದ್ದುದು ಅಂಗೈಯಗಲದ ಪ್ರಿಂಟು. ಈಗ ಕಂಪ್ಯೂಟರಿನಲ್ಲಿ ದೊಡ್ಡದಾಗಿ ನೋಡಿದಾಗ ನಾನು ಸ್ವಲ್ಪ ಹೊತ್ತು ಎದ್ದು ಹೊರಗೆ ಹೋಗಬೇಕಾಯಿತು. ಅವಳ ನೆನಪು ಎಂದು ನನಗೆ ಇರುವುದು ಈ ಚಿತ್ರ ತೆಗೆದ ದಿನದ್ದೊಂದೇ. ಬಾಬಾರ ಬೆಂಚು, ಹಿಂದೆ ಹೂವಿನ ಪರದೆ. ಚಿತ್ರದ ಎಡಕ್ಕೆ ನಾನು, ಬಲಕ್ಕೆ ತೈವೊ. ಅವಳ ತೋಳು ನನ್ನ ಎಡತೋಳಿಗೆ ತಾಗುತ್ತಿದೆ, ಬೆಚ್ಚಗಿದೆ, ಅವಳಿಗೆ ಹಚ್ಚಿದ ಶಿಯಾ ಬೆಣ್ಣೆ ನನ್ನ ತೋಳಿಗೂ ಮೆತ್ತಿಕೊಳ್ಳುತ್ತಿದೆ. ಅವಳು ಹಲ್ಲು ಬಿಟ್ಟು ನಗುತ್ತಿದ್ದಾಳೆ. ನನಗೆ ಯಾಕೋ ಕೋಪ. ಬದುಕಿನಲ್ಲಿ ಯಾರಾದರೂ ನನ್ನನ್ನು ಗಂಟುಮೋರೆಯವಳು ಎಂದಾಗಲೆಲ್ಲ ಈ ಚಿತ್ರವೇ ಕಣ್ಣಿಗೆ ಬಂದಿದೆ. ನಗು ಅವಳ ಪಾಲಿಗೆ ಹೋಯಿತು, ನನಗೆ ಉಳಿದದ್ದು ಇದು ಎಂದುಕೊಂಡಿದ್ದೇನೆ.

ಒಂದು ದೋಷವಿದೆ. ಇಬ್ಬರ ನಡುವೆ ಮೇಲಿನಿಂದ ಕೆಳಗಿನವರೆಗೆ ಒಂದು ಮಸುಕಾದ ಬಿಳಿ ಪಟ್ಟಿ. ಅಂಚು ಚೂಪಾಗಿಲ್ಲ, ಎರಡೂ ಕಡೆ ಹೊಗೆಯಂತೆ ಕರಗುತ್ತದೆ. ಸಣ್ಣ ಪ್ರಿಂಟಿನಲ್ಲಿ ಅದು ಕಂಡಿರಲಿಲ್ಲ. ಪಕ್ಕದ ಮೇಜಿನ ಮೋಜಿ ಬಂದು ನೋಡಿದಳು.

"ಅಕ್ಕಾ, ಬಿಡ್ರೀ. ಒಂದು ಗಂಟೇಲಿ ಅಳಿಸಿ ಕೊಡ್ತೀನಿ. ನಿಮ್ಮಮ್ಮಂಗೆ ಕಾಣ್ಸೋದೇ ಅರ್ಧ ಕಣ್ಣು."

"ಯಾಕೆ ಬಂತು ಅಂತ ಗೊತ್ತಾಗ್ದೆ ಅಳ್ಸೋದು ಹೇಗೆ?"

"ಅಯ್ಯೋ, ಯಾಕೆ ಬಂದೆ ಅಂತ ಕೇಳ್ತಾ ಕೂತಿದ್ರೆ ನಾನು ನನ್ನ ಗಂಡನ್ನೂ ಇನ್ನೂ ಒಳಗೆ ಬಿಟ್ಟಿರ್ತಿರ್ಲಿಲ್ಲ."

ಅವಳು ಹೀಗೇ. ಆದರೆ ಈ ಪಟ್ಟಿ ಸ್ಕ್ಯಾನರಿನದೋ ಫಿಲ್ಮಿನದೋ ಎಂದು ನನಗೆ ನಿಜವಾಗಿಯೂ ತಿಳಿಯುತ್ತಿಲ್ಲ. ನಿಮಗೆ ಏನನ್ನಿಸುತ್ತದೆ?

ಕೇಹಿಂಡೆ

•

ಇಕಿರುನ್
20 ಫೆಬ್ರವರಿ 2011

ಕೇಹಿಂಡೆ,

ಅದೇನು ಕಷ್ಟವಲ್ಲ. ಎನ್‌ಲಾರ್ಜರಿನಲ್ಲಿ ಚಿತ್ರ ದೊಡ್ಡದು ಮಾಡುವಾಗ ಕಲೆ ಕಂಡರೆ ಬಾಬಾ ಮಾಡುತ್ತಿದ್ದುದನ್ನೇ ಮಾಡು. ನೆಗೆಟಿವನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಇಡು. ಪೂರ್ತಿ ತಲೆಕೆಳಗು ಮಾಡಬೇಡ, ನಡುವಿನ ಪಟ್ಟಿ ಆಗಲೂ ನಡುವೆಯೇ ಇರುತ್ತದೆ, ಏನೂ ತಿಳಿಯುವುದಿಲ್ಲ. ಕಾಲು ಸುತ್ತು. ಪಟ್ಟಿ ಮೊದಲಿದ್ದ ಹಾಗೇ ನೆಟ್ಟಗೆ ನಿಂತಿದ್ದರೆ ಅದು ನಿನ್ನ ಮೆಷಿನ್ನಿನದು, ಗಾಜು ಒರೆಸು. ನೆಗೆಟಿವಿನ ಜೊತೆ ಅದೂ ಅಡ್ಡ ಮಲಗಿದರೆ ಫಿಲ್ಮಿನದು.

ಇಯಾ ಚೆನ್ನಾಗಿದ್ದಾರೆ. ಜೆರಾಕ್ಸ್ ಮೆಷಿನ್ ರಿಪೇರಿಯಾಯಿತು, ನಿನ್ನ ಖುಷಿ ಅಲ್ಲಿಗೆ ಮುಗಿಯಿತು.

ರೈಮಿ

•

ಇಬಾದಾನ್
19 ಮಾರ್ಚ್ 2011

ಅಣ್ಣ,

ತಿರುಗಿಸಿದೆ. ಪಟ್ಟಿ ಅಡ್ಡ ಮಲಗಿತು. ಇನ್ನೊಂದು ಸ್ಕ್ಯಾನರಿನಲ್ಲೂ ಇಟ್ಟು ನೋಡಿದೆ, ಅದೇ. ಫಿಲ್ಮಿನದೇ.

ನಾನು ಬೇಡವೆಂದರೂ ಮೋಜಿ ಊಟದ ಬಿಡುವಿನಲ್ಲಿ ಅದನ್ನು ಅಳಿಸಿಬಿಟ್ಟಳು. ಕೆಲಸ ಅಚ್ಚುಕಟ್ಟಾಗಿದೆ, ಅವಳನ್ನು ಬೈಯಲಾರೆ. ಪರದೆಯ ಹೂವುಗಳು ಒಂದಕ್ಕೊಂದು ಸೇರಿಕೊಂಡಿವೆ, ಬೆಂಚು ಒಂದೇ ಬೆಂಚಾಗಿದೆ. ಆದರೆ ನನಗೆ ಬೇಕಾಗಿದ್ದುದು ಇಬ್ಬರ ತೋಳು ತಾಗುವ ಜಾಗ. ಮೂಲದಲ್ಲಿ ಅದು ಪಟ್ಟಿಯೊಳಗೆ ಮಂಕಾಗಿ ಕರಗಿಹೋಗಿದೆ. ಮೋಜಿ ಅಲ್ಲಿ ಒಂದು ತೋಳು ಕೂಡಿಸಿದ್ದಾಳೆ. ಅದು ಯಾರ ತೋಳು ಎಂದು ಕೇಳಿದೆ.

"ಇಬ್ರದೂ ಅಂತಿಟ್ಕೊಳ್ರೀ. ಅವಳಿಗಳಲ್ವಾ, ಹಂಚ್ಕೊಳ್ಳಲಿ."

ನಕ್ಕೆ. ಆದರೂ ಆ ತೋಳನ್ನು ಇಯಾಗೆ ಕಳಿಸಲು ಮನಸ್ಸು ಒಪ್ಪುತ್ತಿಲ್ಲ. ಪಟ್ಟಿಯ ಕಾರಣ ತಿಳಿದರೆ ಅದರ ಕೆಳಗೆ ನಿಜವಾಗಿ ಉಳಿದಿರುವುದನ್ನು ಹುಷಾರಾಗಿ ಮೇಲೆತ್ತಬಹುದೇನೋ. ಡೆವಲಪ್ ಮಾಡುವಾಗ ಆದದ್ದೇ? ಕ್ಯಾಮೆರಾದಲ್ಲಿ ಲೆನ್ಸಿಗೂ ಫಿಲ್ಮಿಗೂ ನಡುವಿನ ಮಡಿಕೆ ಚೀಲ ಹರಿದು ಬೆಳಕು ಸೋರಿತ್ತೇ? ಆ ವರ್ಷ ಬಾಬಾರ ಜೊತೆ ಡಾರ್ಕ್‌ರೂಮಿನಲ್ಲಿ ಇದ್ದವರು ನೀವು. ಈ ಚಿತ್ರ ತೆಗೆದ ದಿನ ನೀವು ಇದ್ದಿರಾ?

ಕೇಹಿಂಡೆ

•

ಇಕಿರುನ್
30 ಏಪ್ರಿಲ್ 2011

ಕೇಹಿಂಡೆ,

ಉತ್ತರ ತಡವಾಯಿತು. ಚುನಾವಣೆಯ ಗಲಾಟೆ, ಬಸ್ಸುಗಳು ಸರಿಯಾಗಿ ಓಡಲಿಲ್ಲ.

ಮಡಿಕೆ ಚೀಲವೇ. ಆ ವರ್ಷ ಇಲಿ ಕಡಿದಿತ್ತು. ಬೆಳಕು ಸೋರಿ ಎಷ್ಟೋ ಫಿಲ್ಮು ಹಾಳಾದವು. ಆ ಹುಡುಗಿ ಅಳಿಸಿಕೊಟ್ಟದ್ದನ್ನೇ ದೊಡ್ಡದು ಮಾಡಿ ಕಳಿಸು. ಇಯಾ ದಿನಾ ಕೇಳುತ್ತಾರೆ. ನಿನ್ನೆ ಗೋಡೆಯಲ್ಲಿ ಮೊಳೆ ಹೊಡೆಸಿದರು, ಫೋಟೊ ಇಲ್ಲದ ಮೊಳೆ. "ಬರೋದು ತಡ ಆದ್ರೂ ಜಾಗ ಸಿದ್ಧ ಇರ್ಲಿ" ಅನ್ನುತ್ತಾರೆ. ಎಂಬತ್ತೈದು ವರ್ಷದವರನ್ನು ಕಾಯಿಸಬಾರದು.

ಪಟ್ಟಿಯ ಹಿಂದೆ ಬೀಳಬೇಡ.

ರೈಮಿ

•

ಇಬಾದಾನ್
3 ಮೇ 2011

ಅಣ್ಣ,

ಆ ವರ್ಷದ ಉಳಿದ ಫಿಲ್ಮುಗಳನ್ನೆಲ್ಲ ನೋಡಿದೆ. ಯಾವುದರಲ್ಲೂ ಬೆಳಕು ಸೋರಿಲ್ಲ. ಸೋರಿದ ಬೆಳಕಿಗೆ ರೂಪ ಇರುವುದಿಲ್ಲ, ಅದು ಎಲ್ಲವನ್ನೂ ಬೂದಿ ಮಾಡುತ್ತದೆ. ಈ ಪಟ್ಟಿಯೊಳಗೆ ಪರದೆಯ ಹೂವಿನ ಎಸಳುಗಳನ್ನು ಎಣಿಸಬಹುದು. ಅಲ್ಲಿ ಫಿಲ್ಮು ಹಾಳಾಗಿಲ್ಲ, ಆ ಜಾಗವನ್ನು ಅದು ಎರಡು ಸಲ ಕಂಡಿದೆ.

ಆಮೇಲೆ ಮಂಡಿಗಳನ್ನು ನೋಡಿದೆ. ಬಿದ್ದ ಗಾಯಕ್ಕೆ ಆಗ ಹಚ್ಚುತ್ತಿದ್ದ ನೇರಳೆ ಔಷಧಿಯ ಕಲೆ, ಚಿತ್ರದಲ್ಲಿ ಕಪ್ಪಗೆ ಕಾಣುತ್ತದೆ. ಎಡಕ್ಕೆ ಕೂತ ನನ್ನ ಎಡಮಂಡಿಯ ಮೇಲಿದೆ. ಬಲಕ್ಕೆ ಕೂತವಳ ಎಡಮಂಡಿಯ ಮೇಲೂ ಇದೆ. ಮೇಲೆ ಅಗಲ, ಕೆಳಗೆ ಹನಿಯಾಗಿ ಇಳಿದ ಗುರುತು, ಅದೇ ಹನಿ. ಅವಳಿಗಳಿಗೆ ಒಂದೇ ಮುಖ ಇರಬಹುದು. ಒಂದೇ ಗಾಯ ಇರುವುದಿಲ್ಲ.

ಬೇರೆಯವರ ಚಿತ್ರಗಳಲ್ಲಾದರೆ ನೋಡಿದ ಕೂಡಲೇ ಒಂದೇ ಮಗು ಎಂದು ಹೇಳುತ್ತಿದ್ದೆ.

ಈ ಚಿತ್ರ ತೆಗೆದ ಎಷ್ಟೋ ದಿನದ ಮೇಲೆ ಅವಳು ಹೋದಳೆಂದು ನಾನು ತಿಳಿದಿದ್ದೆ. ಪೇಟೆಗೆ ಹೋದಳು ಎಂದು ನನಗೆ ಬರೆಯಬೇಡಿ. ತೈವೊ ಸತ್ತದ್ದು ಯಾವಾಗ?

ಕೇಹಿಂಡೆ

•

ಇಕಿರುನ್
5 ಜೂನ್ 2011

ಕೇಹಿಂಡೆ,

ಮೂರು ಸಲ ಬರೆದು ಹರಿದೆ. ನೀನು ಕೇಳಿದ ಮಾತನ್ನು ಈ ಮನೆಯಲ್ಲಿ ಯಾರೂ ಬಾಯಿಂದ ಆಡಿಲ್ಲ. ಬರೆಯುವುದು ಆಡಿದ ಹಾಗಲ್ಲ ಎಂದು ನನಗೆ ನಾನೇ ಹೇಳಿಕೊಂಡು ಬರೆಯುತ್ತಿದ್ದೇನೆ.

ಮಡಿಕೆ ಚೀಲಕ್ಕೆ ಏನೂ ಆಗಿರಲಿಲ್ಲ. ಇಲಿಯ ಕಥೆ ನಾನು ಕಟ್ಟಿದ್ದು.

ದಡಾರ ಬಂದ ವರ್ಷ ಅದು. ನಿಮಗಿಬ್ಬರಿಗೂ ಬಂತು. ನಿನಗೆ ಇಳಿಯಿತು, ಅವಳಿಗೆ ಇಳಿಯಲಿಲ್ಲ. ಚಿತ್ರ ತೆಗೆದದ್ದು ಅವಳು ಹೋದ ಮೇಲೆ, ಮುಂದಿನ ತಿಂಗಳು. ನೀನು ಊಟ ಬಿಟ್ಟಿದ್ದೆ. ಒಬ್ಬಳನ್ನೇ ಬಿಟ್ಟರೆ ಇವಳೂ ಜೊತೆಗಾತಿಯ ಹಿಂದೆ ಹೊರಟುಬಿಡುತ್ತಾಳೆ ಎಂದು ಓಣಿಯ ಹೆಂಗಸರೆಲ್ಲ ಇಯಾರನ್ನು ಹೆದರಿಸಿದರು. ಹೋದವಳ ಬದಲಿಗೆ ಮರದ ಗೊಂಬೆ ಕೆತ್ತಿಸು ಅಂದರು. ಇಯಾ ನಮಾಜು ಮಾಡುವವರು, ಗೊಂಬೆಯನ್ನು ಮನೆಯೊಳಗೆ ತರಲಾರೆ ಅಂದರು. ಆಗ ಯಾರೋ ಅಂದದ್ದು ಇನ್ನೂ ನನ್ನ ಕಿವಿಯಲ್ಲಿದೆ: "ಗಂಡ ಫೋಟೊ ತೆಗೆಯೋನು. ಊರೋರ ಮಕ್ಳನ್ನೆಲ್ಲ ಕೂಡಿಸಿಕೊಟ್ಟ. ತನ್ನ ಮಕ್ಳನ್ನ ಕೂಡಿಸೋಕೆ ಆಗಲ್ವಾ?"

ಅದು ಬಾಬಾರಿಗೆ ತಾಗಿತು. ಯಾಕೆಂದರೆ ಅವರು ನಿಮ್ಮಿಬ್ಬರ ಒಂದೇ ಒಂದು ಫೋಟೊವನ್ನೂ ತೆಗೆದಿರಲಿಲ್ಲ. ಹಬ್ಬಕ್ಕೆ ಹೊಸ ಬಟ್ಟೆ ಹಾಕಿಸಿ ತೆಗೆದರಾಯಿತು ಅನ್ನುತ್ತಿದ್ದರು. ಗಿರಾಕಿಗಳಿದ್ದಾಗ ಫಿಲ್ಮು ಗಿರಾಕಿಗಳಿಗೆ, ಇಲ್ಲದಾಗ ಫಿಲ್ಮು ಉಳಿಸಬೇಕು. ಎರಡು ಹಬ್ಬ ಹಾಗೇ ಹೋಗಿದ್ದವು. ತೈವೊಳದು ಎಂದು ಈ ಲೋಕದಲ್ಲಿ ಒಂದು ಚಿತ್ರವೂ ಇಲ್ಲ, ಕೇಹಿಂಡೆ. ಸಾಯುವವರೆಗೂ ಬಾಬಾ ಆ ಮಾತನ್ನು ಎತ್ತಲಿಲ್ಲ, ಯಾರಿಗೂ ಎತ್ತಲು ಬಿಡಲಿಲ್ಲ.

ಬೇರೆಯವರಿಗೆ ಮಾಡುವಾಗ ಫಿಲ್ಮಿನ ಹತ್ತಿರ ತಗಡು ಇಟ್ಟು ಅರ್ಧ ಮುಚ್ಚುತ್ತಿದ್ದರು. ಗೆರೆ ಚೂಪಾಗಿ ಬೀಳುತ್ತಿತ್ತು, ಯಾರೂ ಅದನ್ನು ತಪ್ಪೆನ್ನುತ್ತಿರಲಿಲ್ಲ. ನಿನ್ನದಕ್ಕೆ ಗೆರೆ ಕಾಣಲೇಬಾರದು ಅಂದರು. ಲೆನ್ಸಿನ ಮುಚ್ಚಳವನ್ನೇ ಗರಗಸದಲ್ಲಿ ಅರ್ಧ ಕತ್ತರಿಸಿದರು. ಲೆನ್ಸಿನ ಮುಂದೆ ಹಿಡಿದರೆ ಅಂಚು ಕರಗಿ ಬರುತ್ತದೆ. ಹಿಡಿದವನು ನಾನು. ನನಗೆ ಆಗ ಹದಿನಾರು ವರ್ಷ.

ಮೊದಲು ಬೆಂಚಿನ ಒಂದು ತುದಿಗೆ ಕೂರಿಸಿದೆವು. ನೀನು ಮುಖ ಗಂಟು ಹಾಕಿಕೊಂಡು ಕೂತೆ, ತೆಗೆದದ್ದಾಯಿತು. ಮುಚ್ಚಳ ತಿರುಗಿಸಿದೆ. ಇಯಾ ನಿನ್ನನ್ನು ಎತ್ತಿ ಇನ್ನೊಂದು ತುದಿಗೆ ಕೂರಿಸಿದರು.

"ಯಾಕೆ ಇಲ್ಲಿ?" ಅಂದೆ ನೀನು. "ಇದು ತೈವೊ ಕೂರೋ ಕಡೆ."

"ಹೌದು ಪುಟ್ಟಾ. ಅವಳು ಬರೋ ತಂಕ ನೀನೇ ಅವಳ ಹಂಗೆ ಕೂತ್ಕೋ."

ಅಷ್ಟೇ ಅಂದದ್ದು. ನಗು ಎಂದು ನಿನಗೆ ಯಾರೂ ಹೇಳಿರಲಿಲ್ಲ. ನೀನು ಬೆನ್ನು ನೆಟ್ಟಗೆ ಮಾಡಿದೆ, ತಲೆ ಸ್ವಲ್ಪ ಓರೆ ಮಾಡಿದೆ, ಹಲ್ಲೆಲ್ಲ ಕಾಣುವ ಹಾಗೆ ನಕ್ಕೆ. ಅದು ನಿನ್ನ ನಗುವಲ್ಲ. ಅವಳು ಹಾಗೆ ನಗುತ್ತಿದ್ದಳು. ಇಯಾ ಪರದೆಯ ಹಿಂದೆ ಹೋಗಿ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡರು. ಬಾಬಾ ಕ್ಯಾಮೆರಾದ ಕಪ್ಪು ಬಟ್ಟೆಯೊಳಗಿನಿಂದ ತಲೆ ಹೊರಗೆ ತೆಗೆಯಲೇ ಇಲ್ಲ. ನನ್ನ ಕೈ ಅಲುಗಿ ನಡುವಿನ ಜಾಗಕ್ಕೆ ಎರಡೂ ಸಲ ಬೆಳಕು ಬಿತ್ತು. ಪಟ್ಟಿ ಬಿದ್ದದ್ದು ಅದಕ್ಕೇ, ಬಾಬಾರ ತಪ್ಪಲ್ಲ.

ಅವತ್ತು ರಾತ್ರಿ ನೀನು ಊಟ ಮಾಡಿದೆ.

ಆಮೇಲೆ ನಿನಗೆ ಏಳೆಂಟು ವರ್ಷವಿದ್ದಾಗ ಗೋಡೆಯ ಚಿತ್ರ ತೋರಿಸಿ, ನಾನೂ ತೈವೊನೂ ಕೂತಿದ್ದು ನನಗೆ ನೆನಪಿದೆ, ಅವಳ ತೋಳು ಬೆಚ್ಚಗಿತ್ತು ಅಂದೆ. ನಾನು ಬಾಯಿ ತೆರೆದೆ. ಇಯಾ ಅಡುಗೆಮನೆಗೆ ಕರೆದು, "ನೆನಪಿದೆ ಅಂತಾಳಲ್ಲ, ಇರ್ಲಿ ಬಿಡು. ನೀನು ಕಿತ್ಕೋಬೇಡ" ಅಂದರು. ಬಿಟ್ಟೆ. ಒಂದು ದಿನಕ್ಕೆಂದು ಬಿಟ್ಟದ್ದು, ಬಿಟ್ಟದ್ದೇ ಆಯಿತು.

ಕಾಲು ಸುತ್ತು ತಿರುಗಿಸು ಎಂದು ಬರೆದುಕೊಟ್ಟವನೂ ನಾನೇ. ನಾಲ್ಕು ವರ್ಷದ ಮೇಲೆ ನೀನು ಕೆಲಸದ ಮಾತು ಕೇಳಿದ್ದೆ. ಗೊತ್ತಿಲ್ಲ ಎಂದು ಬರೆಯಲು ಮನಸ್ಸಾಗಲಿಲ್ಲ. ಕಾಗದ ಡ್ರೈವರನ ಕೈಗೆ ಕೊಟ್ಟು ಮನೆಗೆ ನಡೆಯುವಾಗ ಏನು ಮಾಡಿದೆ ಎಂದು ಹೊಳೆಯಿತು. ಸ್ಟ್ಯಾಂಡಿಗೆ ವಾಪಸು ಓಡಿದೆ. ಬಸ್ಸು ಹೊರಟಿತ್ತು.

ರೈಮಿ

•

ಇಬಾದಾನ್
19 ಜೂನ್ 2011

ಅಣ್ಣ,

ನಿಮ್ಮ ಕಾಗದ ತಲುಪಿ ವಾರದ ಮೇಲಾಯಿತು. ಓದಿದ ದಿನ ಕಚೇರಿಯಲ್ಲಿ ಎಂದಿನಂತೆ ಕೆಲಸ ಮಾಡಿದೆ. ಮಳೆ ಹಿಡಿದಿದೆ, ಈಗ ಧೂಳಿನ ಬದಲು ಬೂಷ್ಟು. ಅದನ್ನು ಒರೆಸಬಾರದು, ಒಣಗಿಸಿ ಕಾಯಬೇಕು. ಹಸಿಯಿದ್ದಾಗ ಒರೆಸಿದರೆ ಕೆಳಗಿನ ಚಿತ್ರವೂ ಎದ್ದು ಬರುತ್ತದೆ.

ನಿಮ್ಮ ಮೇಲೆ ಕೋಪವಿಲ್ಲ. ಇದ್ದರೆ ಸುಲಭವಾಗುತ್ತಿತ್ತು.

ಎರಡು ಚಿತ್ರಗಳನ್ನೂ ಪಕ್ಕಪಕ್ಕ ತೆರೆದಿಟ್ಟುಕೊಂಡು ನೋಡಿದೆ, ಮೋಜಿ ಅಳಿಸಿದ್ದು ಮತ್ತು ಪಟ್ಟಿಯಿರುವುದು. ಬಲಕ್ಕೆ ಕೂತವಳನ್ನು ಬಹಳ ಹೊತ್ತು ನೋಡಿದೆ. ಅವಳು ನಾನು ಎಂದು ಹೇಳಿಕೊಂಡರೆ ಒಪ್ಪಿಗೆಯಾಗುವುದಿಲ್ಲ. ಅವಳು ತೈವೊ ಎಂದರೆ ಈಗ ಅದೂ ಆಗುವುದಿಲ್ಲ. ಕನ್ನಡಿಯ ಮುಂದೆ ಹಾಗೆ ತಲೆ ಓರೆ ಮಾಡಿ ನಗಲು ನೋಡಿದೆ. ಐವತ್ತೈದು ವರ್ಷದ ಹೆಂಗಸು. ಬರಲಿಲ್ಲ. ನಾಲ್ಕು ವರ್ಷದವಳಿಗೆ ಬಂದಿತ್ತು, ಆಗ ತೈವೊ ಹೋಗಿ ತಿಂಗಳೂ ಸರಿಯಾಗಿ ಆಗಿರಲಿಲ್ಲ. ನಾನು ಅದನ್ನು ಎಲ್ಲಿ ಕಳೆದುಕೊಂಡೆ ಎಂದು ಹುಡುಕುತ್ತಿದ್ದೇನೆ. ಗೋಡೆಯ ಮೇಲೆ ಅವಳು ನಗುತ್ತಿದ್ದಳು, ಆದ್ದರಿಂದ ಮನೆಯಲ್ಲಿ ಇನ್ನೊಬ್ಬರು ನಗಬೇಕಾಗಿರಲಿಲ್ಲ. ಹಾಗೇ ಇರಬೇಕು.

ಈಗ ನನ್ನನ್ನು ಕಾಡುವುದು ಬೇರೆ. ನನ್ನ ಎಡತೋಳಿಗೆ ತಾಗಿದ ತೋಳು ಯಾವುದು? ಆ ದಿನ ಬೆಂಚಿನ ಮೇಲೆ ನಾನೊಬ್ಬಳೇ ಇದ್ದೆ ಎಂದಾದರೆ ಆ ಬೆಚ್ಚಗಿದ್ದದ್ದು ಎಲ್ಲಿಂದ ಬಂತು? ಚಿತ್ರವನ್ನು ನೋಡಿ ನೋಡಿ ನಾನೇ ಕಟ್ಟಿಕೊಂಡದ್ದಿರಬಹುದು. ಅಥವಾ ಬೇರೆ ಯಾವುದೋ ದಿನದ್ದು, ಚಾಪೆಯ ಮೇಲೆ, ಸ್ನಾನವಾದ ಮೇಲೆ, ಇಬ್ಬರಿಗೂ ಬೆಣ್ಣೆ ಹಚ್ಚಿ ಕೂರಿಸಿದ ಒಂದು ಸಾಮಾನ್ಯ ದಿನದ್ದು ಇರಬಹುದು. ಅದಾದರೆ ಅದು ನಿಜ. ಅದನ್ನು ತಂದು ಈ ಚಿತ್ರದೊಳಗೆ ಇಟ್ಟುಕೊಂಡದ್ದು ಮಾತ್ರ ನನ್ನ ತಪ್ಪು. ಚಿತ್ರ ತೋಳನ್ನು ಹೇಳುವುದಿಲ್ಲ. ಹೇಳಬಲ್ಲವರು ಒಬ್ಬರೇ ಉಳಿದಿದ್ದಾರೆ.

ಅವರನ್ನು ನಾನು ಒಮ್ಮೆಯೂ ಕೇಳಿಲ್ಲ, ಅಣ್ಣ. ತೈವೊ ಹೇಗಿದ್ದಳು ಎಂದು. ಅವಳಿಗೆ ಏನು ತಿನ್ನಲು ಇಷ್ಟ, ನಮ್ಮಿಬ್ಬರಲ್ಲಿ ಮೊದಲು ಮಾತಾಡಿದವಳು ಯಾರು, ಜ್ವರದಲ್ಲಿ ಯಾರನ್ನು ಕರೆದಳು. ಗೋಡೆಯ ಮೇಲೆ ಅವಳಿದ್ದಾಳಲ್ಲ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಐವತ್ತು ವರ್ಷ ನಾವಿಬ್ಬರೂ ಒಂದು ಫೋಟೊವನ್ನು ಒರೆಸುತ್ತಾ ಕೂತೆವು. ನನ್ನನ್ನು ಕಾಪಾಡಲು ಅವರು ಬಾಯಿ ಕಟ್ಟಿಕೊಂಡರು ಎಂದು ಈಗ ತಿಳಿಯುತ್ತಿದೆ. ಅವರಿಗೂ ಯಾರೊಡನೆಯಾದರೂ ಅವಳ ವಿಷಯ ಮಾತಾಡಬೇಕೆನ್ನಿಸಿರಬಹುದು ಎಂದು ನನಗೆ ಒಮ್ಮೆಯೂ ಹೊಳೆಯಲಿಲ್ಲ.

ಮುಂದಿನ ಶನಿವಾರ ಇಕಿರುನ್‌ಗೆ ಬರುತ್ತೇನೆ. ಚಿತ್ರ ತರುವುದಿಲ್ಲ, ಅಳಿಸಿದ್ದೂ ಇಲ್ಲ, ಪಟ್ಟಿಯಿರುವುದೂ ಇಲ್ಲ. ಎಲ್ಲಿ ಎಂದು ಕೇಳುತ್ತಾರೆ. ಇನ್ನೂ ಆಗಿಲ್ಲ ಎನ್ನುತ್ತೇನೆ. ಅದು ಗೋಡೆಗೆ ಬಂದರೆ ನಾವು ಮತ್ತೆ ಅದನ್ನೇ ನೋಡುತ್ತಾ ಕೂರುತ್ತೇವೆ. ಮೊದಲು ಅವರ ಪಕ್ಕದಲ್ಲಿ ಕೂತು ಕೇಳುವುದನ್ನು ಕೇಳುತ್ತೇನೆ. ನನಗೆ ಗೊತ್ತಾಗಿದೆ ಎಂದು ಹೇಳುತ್ತೇನೋ ಇಲ್ಲವೋ, ಅದು ಇನ್ನೂ ತೀರ್ಮಾನವಾಗಿಲ್ಲ. ಕೇಳುವುದು ಮಾತ್ರ ತೀರ್ಮಾನವಾಗಿದೆ. ಅವರು ಎದ್ದು ಒಳಗೆ ಹೋದರೆ, ಹೊರಗೆ ಬರುವವರೆಗೆ ಕೂತಿರುತ್ತೇನೆ.

ರಜೆ ಇನ್ನೂ ಕೇಳಿಲ್ಲ. ನಾಳೆ ಕೇಳುತ್ತೇನೆ. ನಾನು ಬರುವುದನ್ನು ಇಯಾಗೆ ಈಗಲೇ ಹೇಳಬೇಡಿ. ಆ ದಿನ ನೀವೂ ಮನೆಯಲ್ಲೇ ಇರಿ.

ನಿಮ್ಮ ತಂಗಿ,
ಕೇಹಿಂಡೆ